ಸೈಕಲ್ ಮರೆಯ ನಂಬರು

ಟ್ರಾಫಿಕ್ ಪೊಲೀಸ್ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಹೆಡ್ ಕಾನ್‌ಸ್ಟೇಬಲ್ ಆಗಿದ್ದು ಯಾವಾಗ, ಎಎಸ್‌ಐ ಆಗಿದ್ದು ಯಾವಾಗ ಅಂತ. ಅದನ್ನು ತಿಳಿದುಕೊಂಡು ನಿಮಗೆ ಆಗಬೇಕಾದ್ದೇನೂ ಇಲ್ಲ. ನಮ್ಮ ಕೆಲಸವೆಂದರೆ ಸೀಟಿ ಊದುವುದು, ಕೈ ಎತ್ತುವುದು ಎಂದು ಜನ ತಿಳಿದಿದ್ದಾರೆ. ತುಮಕೂರು, ಗುಬ್ಬಿ, ಕುಣಿಗಲ್ ರಸ್ತೆಗಳಲ್ಲಿ ನಿಂತು ನಾನು ಮಾಡಿದ ಕೆಲಸದಲ್ಲಿ ಮುಕ್ಕಾಲು ಪಾಲು ದಾಟಿ ಹೋದ ಗಾಡಿಯ ಬೆನ್ನು ನೋಡುವುದು. ಬೆನ್ನಿನ ಮೇಲೆ ನಂಬರು ಇರಬೇಕು. ಇರುತ್ತದೆ ಕೂಡ. ಆದರೆ ಕಾಣಬೇಕಲ್ಲ!

ತೊಂಬತ್ತರ ದಶಕದಲ್ಲಿ ನಂಬರ್ ಪ್ಲೇಟು ಅನ್ನುವುದು ನಂಬರನ್ನು ಬಿಟ್ಟು ಉಳಿದೆಲ್ಲವನ್ನೂ ಬರೆಸುವ ಜಾಗವಾಗಿತ್ತು. ಮನೆದೇವರ ಹೆಸರು ಅಂಗೈ ಅಗಲಕ್ಕೆ, ಮಗಳ ಹೆಸರು ಅದರ ಕೆಳಗೆ, ನಂಬರು ಮಾತ್ರ ಇರುವೆ ಸಾಲು. ಆಯುಧಪೂಜೆ ಬಂತೆಂದರೆ ಅದೂ ಹೋಯಿತು. ಬಾಳೆಕಂದು, ಚೆಂಡುಹೂ, ನಿಂಬೆಹಣ್ಣಿನ ಸರ, ದೃಷ್ಟಿ ತಾಗದಿರಲಿ ಎಂದು ಒಂದು ಹಳೇ ಚಪ್ಪಲಿ. ಇಷ್ಟರ ನಡುವೆ ನಂಬರು ಹುಡುಕುವವನು ದೇವರ ಅಲಂಕಾರಕ್ಕೆ ಕೈ ಹಾಕಿದ ಅಂತ ಬೈಸಿಕೊಳ್ಳಬೇಕು. ನನ್ನಂಥ ಖಾದರ್ ಸಾಬಿ ಹಾಕಿದರಂತೂ ಕೇಳುವುದೇ ಬೇಡ.

ಆಗ ನಮಗೆ ರುದ್ರಾರಾಧ್ಯ ಅಂತ ಒಬ್ಬ ಇನ್ಸ್‌ಪೆಕ್ಟರ್ ಇದ್ದರು. ಮಹಾ ಶಿವಭಕ್ತರು, ನಂಬರ್ ಪ್ಲೇಟಿನ ವಿಷಯಕ್ಕೆ ಬಂದರೆ ಮಹಾ ಕೋಪಿಷ್ಠರು. ಒಂದು ಹಬ್ಬದ ಮಾರನೆಯ ದಿನ ಅವರದೇ ಜೀಪಿನ ನಂಬರು ಕಾಣುತ್ತಿರಲಿಲ್ಲ. ಅಡ್ಡಡ್ಡಕ್ಕೆ ಮೂರು ಬೆರಳು ವಿಭೂತಿ ಬಳಿದಿತ್ತು, ನಡುವೆ ಕುಂಕುಮ. ಬಳಿದವರು ಅವರೇ. ಅಳಿಸಿ ಎನ್ನುವ ಧೈರ್ಯ ಠಾಣೆಯಲ್ಲಿ ಯಾರಿಗೂ ಇರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು, ನಾನು ಆಕಾಶ ನೋಡಿದೆ. ಕೊನೆಗೆ ಆ ಜೀಪಿನಲ್ಲೇ ಹೋಗಿ ನಂಬರು ಕಾಣದ ಗಾಡಿಗಳಿಗೆ ಸಂಜೆಯವರೆಗೂ ಕೇಸು ಹಾಕಿ ಬಂದೆವು. ದಂಡ ಕಟ್ಟಿದವರೆಲ್ಲ ಜೀಪಿನ ಹಿಂದೆ ಹೋಗಿ ಕೈ ಮುಗಿದು ಹೋದರು. ಅದನ್ನು ಕಂಡು ಜನರಿಗೆ ಕಾನೂನಿನ ಮೇಲೆ ಗೌರವ ಬಂದಿದೆ ಎಂದು ಸಾಹೇಬರಿಗೆ ಬಹಳ ಸಂತೋಷವಾಯಿತು.

ಇನ್ನು ಸೈಕಲ್ಲಿನ ವಿಷಯ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳ ಮೇಲೆ ಬೆಂಗಳೂರಿನ ಹುಡುಗರು ಕಾರಿನ ಬೆನ್ನಿಗೆ ಸೈಕಲ್ ನೇತುಹಾಕಿಕೊಂಡು ದೇವರಾಯನದುರ್ಗಕ್ಕೆ ಬರತೊಡಗಿದರು. ಸೈಕಲ್ಲು ಓಡಿಸುವುದಕ್ಕೆ ಅದನ್ನು ಕಾರಿನಲ್ಲಿ ಹೊತ್ತು ತರುವುದು ನಮ್ಮ ಕಡೆಯವರಿಗೆ ದೊಡ್ಡ ತಮಾಷೆ. ಕ್ಯಾತ್ಸಂದ್ರದ ಹತ್ತಿರ ಒಂದು ಕಾರು ನಿಲ್ಲಿಸಿದೆ. ಹಿಂದೆ ಎರಡು ಸೈಕಲ್ಲು, ಅವುಗಳ ಹಿಂದೆ ಎಲ್ಲೋ ನಂಬರು.

"ಅಂಕಲ್, ಇದು ಇಂಪೋರ್ಟೆಡ್ ರ‍್ಯಾಕು" ಅಂದ ಹುಡುಗ.

"ರ‍್ಯಾಕು ಎಲ್ಲಿಂದಾದ್ರೂ ಬರ್ಲಪ್ಪ. ನಂಬರ್ ಎಲ್ಲೋಯ್ತು?"

"ಇದೆ ಅಂಕಲ್. ಸ್ವಲ್ಪ ಬಗ್ಗಿ ನೋಡಿದ್ರೆ ಕಾಣುತ್ತೆ."

"ನೀನು ಹೈವೇಲಿ ನುಗ್ತಾ ಇರ್ಬೇಕಾದ್ರೆ ನಾನು ಹಿಂದೆ ಬಗ್ಗಿಕೊಂಡೇ ಓಡ್ಬೇಕಾ?"

ಜೊತೆಗಿದ್ದ ಹುಡುಗಿ ಬುದ್ಧಿವಂತೆ. ಬಿಸ್ಕತ್ತಿನ ಡಬ್ಬ ಹರಿದು, ರಟ್ಟಿನ ಮೇಲೆ ತನ್ನ ಲಿಪ್‌ಸ್ಟಿಕ್ಕಿನಿಂದ ನಂಬರು ಬರೆದು, ಸೈಕಲ್ಲಿನ ಹೊರಮೈಗೆ ಕಟ್ಟಿದಳು. ನನ್ನ ಸರ್ವಿಸಿನಲ್ಲಿ ಅಷ್ಟು ಚೆಂದದ ನಂಬರ್ ಪ್ಲೇಟು ನಾನು ನೋಡಿಲ್ಲ. ಕಳುಹಿಸಿಕೊಟ್ಟೆ. ನನ್ನ ಜೊತೆ ಡ್ಯೂಟಿಯಲ್ಲಿದ್ದ ಹೊಸಬರು ನಕ್ಕರು. ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಸಾರ್ ಹಠ ಅಂತ ಕೇಳಿದರು. ಆ ಹಠಕ್ಕೆ ಪುಟ್ಟಗಂಗಮ್ಮ ಕಾರಣ.

ಪುಟ್ಟಗಂಗಮ್ಮ ಬೆಳ್ಳಾವಿ ಕಡೆಯವಳು. ಬೆಳಗಿನ ಬಸ್ಸಿಗೆ ಬಂದು ಸೊಪ್ಪಿನ ಪುಟ್ಟಿ ತಲೆಯ ಮೇಲಿಟ್ಟು ತುಮಕೂರಿನ ಬೀದಿ ಬೀದಿ ಸುತ್ತುತ್ತಿದ್ದಳು. ನಮ್ಮ ಮನೆಗೂ ಅವಳದೇ ಮೆಂತ್ಯ, ಸಬ್ಬಸಿಗೆ. ಗಂಡ ಇಲ್ಲ, ಅವಳು ನಡೆದರೆ ಅವಳ ಮನೆ ನಡೆಯುತ್ತಿತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಒಂದು ಬೆಳಿಗ್ಗೆ ಗುಬ್ಬಿ ಗೇಟಿನ ಹತ್ತಿರ ಒಂದು ಬಿಳಿ ಮಾರುತಿ ಕಾರು ಅವಳಿಗೆ ಗುದ್ದಿತು. ಪಾದದ ಮೇಲೆ ಚಕ್ರ ಹರಿಯಿತು. ಕಾರು ಸ್ವಲ್ಪ ಮುಂದೆ ಹೋಗಿ ನಿಂತಿತು. ಜನ ಕೂಗಿಕೊಂಡು ಓಡಿ ಬರುವಷ್ಟರಲ್ಲಿ ಮತ್ತೆ ಹೊರಟು ಮಾಯವಾಯಿತು.

ನಾನು ಹೋಗುವ ಹೊತ್ತಿಗೆ ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದ್ದರು. ರಸ್ತೆಯ ಮೇಲೆ ಸೊಪ್ಪು ಚೆಲ್ಲಿತ್ತು. ಟೀ ಅಂಗಡಿಯವನನ್ನು ಕೇಳಿದೆ.

"ನಂಬರ್ ನೋಡಿದ್ಯೇನಯ್ಯ?"

"ಸೈಕಲ್ ನೋಡ್ದೆ ಸಾ. ಕಾರ್ ಹಿಂದ್ಗಡೆ ಎರಡು ಕಟ್ಟಿದ್ರು. ಒಂದು ಲೇಡೀಸು, ಗುಲಾಬಿ ಬಣ್ಣ, ಮುಂದ್ಗಡೆ ಬುಟ್ಟಿ. ಇನ್ನೊಂದು ಕರೀದು. ಮಡ್‌ಗಾರ್ಡ್ ಮ್ಯಾಲೆ ಶ್ರೀ ಸಿದ್ಧಲಿಂಗೇಶ್ವರ ಪ್ರಸನ್ನ ಅಂತ ಬರ್ಸವ್ರೆ. ಡೈನಮೋ ಎಡಗಡೀಕೈತೆ. ಸೀಟಿಗೆ ಕವರ್ ಇಲ್ಲ."

"ಕಾರಿನ ನಂಬರ್ ಕಣಯ್ಯ!"

"ಸೈಕಲ್ ಅಡ್ಡ ಇತ್ತಲ್ಲ ಸಾ, ಹೆಂಗ್ ಕಾಣ್ತದೆ?"

ಅಲ್ಲಿದ್ದವರೆಲ್ಲ ಅದನ್ನೇ ಹೇಳಿದರು. ಸೈಕಲ್ಲಿನ ಬೆಲ್ಲು, ಬ್ರೇಕು, ಟೈರಿನ ಸವೆತ ಎಲ್ಲ ಬಾಯಿಪಾಠ. ಕಾರಿನ ವಿಷಯ ಕೇಳಿದರೆ ಬಿಳಿ ಅಂತ ಮಾತ್ರ. ತುಮಕೂರಿನಲ್ಲಿ ಬಿಳಿ ಮಾರುತಿ ಹುಡುಕುವುದೂ ಒಂದೇ, ಅಕ್ಕಿ ಮೂಟೆಯಲ್ಲಿ ಬಿಳಿ ಅಕ್ಕಿಕಾಳು ಹುಡುಕುವುದೂ ಒಂದೇ.

ನಂಬರು ಸಿಗದಿದ್ದರೆ ಏನಾಗುತ್ತದೆ ಎಂದು ಹೊಸಬರು ತಿಳಿಯಬೇಕು. ಗುದ್ದಿದ ಗಾಡಿ ಯಾವುದೋ ಗೊತ್ತಿಲ್ಲ ಎಂದು ಬರೆದು ಕೇಸು ಮುಚ್ಚುತ್ತಾರೆ. ವಿಮೆಯವರು ತಿರುಗಿ ನೋಡುವುದಿಲ್ಲ. ಮುರಿದ ಕಾಲು ಮುರಿದವಳ ಪಾಲಿಗೆ. ಆಸ್ಪತ್ರೆಗೆ ಹೋದಾಗಲೆಲ್ಲ ಪುಟ್ಟಗಂಗಮ್ಮ ಕತ್ತೆತ್ತಿ, "ಸಿಕ್ಕುದ್ನಾ ಸಾಬ್ರೇ?" ಅಂತ ಕೇಳುತ್ತಿದ್ದಳು. ಇಲ್ಲ ಅಂದರೆ, "ನಿಂತಿದ್ದ ಸಾಬ್ರೇ. ಒಂದ್ ಗಳ್ಗೆ ನಿಂತಿದ್ದ" ಅನ್ನುತ್ತಿದ್ದಳು. ಅವಳ ಪಾದ ಮೊದಲಿನಂತೆ ಆಗುವುದಿಲ್ಲ ಎಂದು ಡಾಕ್ಟರು ನನಗೆ ಹೇಳಿದ್ದರು. ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ರುದ್ರಾರಾಧ್ಯರು ಎಲ್ಲ ಕೇಳಿಸಿಕೊಂಡು ಮೇಜು ಗುದ್ದಿದರು. "ಕಾರು ಯಾರೂ ನೋಡಿಲ್ಲ, ಸೈಕಲ್ ಎಲ್ಲಾರೂ ನೋಡವ್ರೆ. ಹಂಗಾದ್ರೆ ಕಾರ್ ಯಾಕ್ರೀ ಹುಡುಕ್ತೀರ? ಸೈಕಲ್ ಹಿಡೀರಿ!"

ಹಿಡಿದೆವು. ಯಡಿಯೂರಿನ ಸಿದ್ಧಲಿಂಗೇಶ್ವರನ ಹೆಸರು ಬರೆಸಿದ ಕರಿ ಸೈಕಲ್ಲುಗಳಿಗೆ ನಮ್ಮ ಜಿಲ್ಲೆಯಲ್ಲಿ ಬರವೇ? ಠಾಣೆಯ ಅಂಗಳ ಸಂತೆಯಾಯಿತು. ಹಾಲಿನವನ ಸೈಕಲ್ಲು ಕ್ಯಾನಿನ ಸಮೇತ ಬಂದು, ಮಧ್ಯಾಹ್ನದ ಹೊತ್ತಿಗೆ ಹಾಲು ಒಡೆಯಿತು. ಪೋಸ್ಟ್‌ಮ್ಯಾನ್ ಸೈಕಲ್ಲು ಬಂದದ್ದರಿಂದ ಆ ಬಡಾವಣೆಯವರೆಲ್ಲ ತಮ್ಮ ಕಾಗದ ಪಡೆಯಲು ಠಾಣೆಗೆ ಬಂದರು. ಪುಟ್ಟಗಂಗಮ್ಮನನ್ನು ಕಾಲಿನ ಪಟ್ಟಿಯ ಸಮೇತ ಆಸ್ಪತ್ರೆಯಿಂದ ಕರೆತಂದು ಬೆಂಚಿನ ಮೇಲೆ ಕೂರಿಸಿ, ಆರೋಪಿಗಳನ್ನು ಗುರುತು ಹಿಡಿಸುವಂತೆ ಸೈಕಲ್ಲುಗಳನ್ನು ಒಂದೊಂದಾಗಿ ಅವಳ ಮುಂದೆ ತಳ್ಳಿಸಿದರು. ಅವಳು ಬಿದ್ದಲ್ಲಿಂದಲೇ ನಿಂತ ಕಾರಿನ ಬೆನ್ನು ನೋಡಿದ್ದವಳು.

"ಇದಾ?"

"ಅಲ್ಲ ಬುಡಿ ಸ್ವಾಮಿ. ಅದು ನಗ್ತಾ ಇದ್ದಂಗಿತ್ತು."

"ಏನು?"

"ಸೈಕಲ್ಲು. ನನ್ ನೋಡಿ ನಗ್ತಾ ಇದ್ದಂಗಿತ್ತು."

ಯಾರೂ ನಗಲಿಲ್ಲ. ಸಾಹೇಬರು ರೈಟರ್ ಕಡೆ ತಿರುಗಿ, "ಸದರಿ ಸೈಕಲ್ಲು ನಗುಮುಖ ಹೊಂದಿತ್ತು ಅಂತ ಬರ್ಕೊಳ್ರಿ" ಅಂದರು. ಅದು ವೈರ್‌ಲೆಸ್ಸಿನಲ್ಲಿ ಎಲ್ಲ ಠಾಣೆಗೂ ಹೋಯಿತು. ಗುಬ್ಬಿಯಿಂದ ಒಬ್ಬ ಕಾನ್‌ಸ್ಟೇಬಲ್, ಸಿ.ಎಸ್. ಪುರದಲ್ಲಿ ಒಂದು ಸೈಕಲ್ಲು ಸಿಕ್ಕಿದೆ, ಬಣ್ಣ ಬರಹ ಎಲ್ಲ ಸರಿಯಿದೆ, ಆದರೆ ಅದು ನಗುತ್ತಿಲ್ಲ, ಸ್ವಲ್ಪ ಅಳುವ ಹಾಗಿದೆ, ತರಲೋ ಬಿಡಲೋ ಎಂದು ಕೇಳಿದ. ತರಲು ಹೇಳಿದರು. ಅದೂ ಅಲ್ಲ.

ಸೈಕಲ್ಲು ಸಿಗದ ಸಿಟ್ಟಿಗೆ ಸಾಹೇಬರು ಎರಡನೆಯ ಅಸ್ತ್ರ ತೆಗೆದರು. ಇನ್ನು ಮೇಲೆ ಕಾರಿನ ಹಿಂದೆ ಸೈಕಲ್ ಕಟ್ಟುವವರು ಸೈಕಲ್ಲಿನ ಮೇಲೂ ಕಾರಿನ ನಂಬರು ಕಾಣುವಂತೆ ಕಟ್ಟಬೇಕು. ಆಟೋಗೆ ಮೈಕು ಕಟ್ಟಿ ಊರೆಲ್ಲ ಸಾರಿಸಿದರು. "ಕಾರಿನ ಹಿಂದೆ ಸೈಕಲ್ ಕಟ್ಟುವ ಮಹಾಜನರಲ್ಲಿ ಎಚ್ಚರಿಕೆ!" ಆಗ ಊರಿನಲ್ಲಿ ಕಾರಿದ್ದವರೇ ಕಡಿಮೆ, ಅದಕ್ಕೆ ಸೈಕಲ್ ಕಟ್ಟುವವರು ಇನ್ನೂ ಕಡಿಮೆ. ಆದರೂ ಜನ ಹೆದರಿದರು. ಎತ್ತಿನಗಾಡಿಯಲ್ಲಿ ಸೈಕಲ್ ಹಾಕಿಕೊಂಡು ಬಂದವನೊಬ್ಬ ಎತ್ತುಗಳಿಗೆ ನಂಬರು ಎಲ್ಲಿ ಸಿಗುತ್ತದೆ ಅಂತ ಕೇಳಿದ. ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ನಮ್ಮ ನಯಾಜ್, ಸೈಕಲ್ ಹೊರುವ ಕಬ್ಬಿಣದ ಕೊಕ್ಕೆ ಮಾಡಿ, ಅದಕ್ಕೊಂದು ತಗಡು ಬೆಸೆದು ಮಾರಿದ. ಕೊಕ್ಕೆ ಎಷ್ಟು ಭಾರವಿತ್ತೆಂದರೆ ಸಿಕ್ಕಿಸಿದ ಕೂಡಲೇ ಕಾರಿನ ಮೂತಿ ಮೇಲೆದ್ದಿತು. ನಂಬರು ಮಾತ್ರ ಚೆನ್ನಾಗಿ ಕಾಣುತ್ತಿತ್ತು.

ಗುಬ್ಬಿಯ ಮದುವೆ ದಿಬ್ಬಣದ ಪ್ರಸಂಗ ಹೇಳದಿದ್ದರೆ ತಪ್ಪಾದೀತು. ಅಳಿಯನಿಗೆ ಕೊಟ್ಟ ಹೊಸ ಸೈಕಲ್ಲನ್ನು ಹೂವಿನ ಸಮೇತ ಮದುವೆ ಕಾರಿನ ಡಿಕ್ಕಿಗೆ ಕಟ್ಟಿದ್ದರು. ನಾನು ಕೈ ಅಡ್ಡ ಹಿಡಿದೆ. ಮುಹೂರ್ತ ಮೀರುತ್ತಿದೆ, ರಟ್ಟಿಲ್ಲ, ಬಣ್ಣವಿಲ್ಲ. ಹೆಣ್ಣಿನ ಕಡೆಯ ಹಿರಿಯರೊಬ್ಬರು ಗಂಭೀರವಾಗಿ, "ಇಂಥಾ ಕಷ್ಟಕ್ಕೇ ಸೋದರಮಾವ ಅನ್ನೋನು ಇರಾದು" ಅಂದರು. ಪಕ್ಕದ ಮನೆಯಿಂದ ಸ್ಲೇಟು ತಂದು ನಂಬರು ಬರೆದು, ಪೇಟ ಸುತ್ತಿದ್ದ ಸೋದರಮಾವನನ್ನು ಡಿಕ್ಕಿಯ ಮೇಲೆ ಹಿಂದುಮುಂದಾಗಿ ಕೂರಿಸಿ ಕೈಗೆ ಕೊಟ್ಟರು. ಡಿಕ್ಕಿಯ ಮೇಲೆ ಮನುಷ್ಯ ಕೂರಬಾರದು ಎಂದು ನಾನು ಹೇಳುವಷ್ಟರಲ್ಲಿ ಬ್ಯಾಂಡು ಶುರುವಾಯಿತು. ನಡಿಗೆಯ ವೇಗದಲ್ಲಿ ಅವರು ಛತ್ರ ಮುಟ್ಟಿದರು. ದಾರಿಯುದ್ದಕ್ಕೂ ಜನ ಮದುಮಗನನ್ನು ಬಿಟ್ಟು ಅವರನ್ನೇ ನೋಡಿದರು. ಆ ಮನುಷ್ಯನಿಗೆ ಅಷ್ಟು ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲವಂತೆ.

ಇಷ್ಟೆಲ್ಲ ಆದರೂ ಗುದ್ದಿದ ಕಾರು ಸಿಗಲಿಲ್ಲ. ಪುಟ್ಟಗಂಗಮ್ಮ ಆಸ್ಪತ್ರೆಯಿಂದ ಊರಿಗೆ ಹೋದಳು. ಕಂಕುಳಲ್ಲಿ ಕೋಲು. ಕೇಸು ಮುಚ್ಚಿ ಕಳುಹಿಸಿ ಎಂದು ಮೇಲಿನಿಂದ ಒತ್ತಾಯ ಬರತೊಡಗಿತು. ಅಂಥ ದಿನಗಳಲ್ಲಿ ಕುಣಿಗಲ್‌ನಿಂದ ಹನುಮಂತರಾಯ ಎಂಬ ಕಾನ್‌ಸ್ಟೇಬಲ್ ಫೋನು ಮಾಡಿದ. ನಾವು ಏನು ಹೇಳಿದರೂ ಅಕ್ಷರಶಃ ಮಾಡುವ ಮನುಷ್ಯ.

"ಸಾ, ಒಂದು ಕಾರ್ ಹಿಡಿದಿದೀನಿ. ಪೆಡಲ್ ಐತೆ."

"ಏನಂದೆ?"

"ನಂಬರ್ ಕಾರಿಂದೇ ಸಾ. ನೋಡಕ್ಕೆ ಮಾತ್ರ ಸೈಕಲ್ ಇದ್ದಂಗೈತೆ. ಹೆಡ್‌ಲೈಟ್ ಇಲ್ಲ, ಗ್ಲಾಸ್ ಇಲ್ಲ, ಸೈಲೆನ್ಸರ್ ಇಲ್ಲ. ಎಲ್ಲಾಕ್ಕೂ ಕೇಸ್ ಬರ್ದಿದೀನಿ. ಓಡುಸ್ತಾ ಇದ್ದೋಳು ಕಾಲೇಜ್ ಹುಡುಗಿ. ಲೈಸೆನ್ಸ್ ಕೇಳುದ್ರೆ ಅಳ್ತಾಳೆ."

ಸಾಹೇಬರು ನನ್ನನ್ನೇ ಕಳುಹಿಸಿದರು. ಬಸ್ಸಿಳಿದು ಹೋಗಿ ನೋಡಿದರೆ ಗುಲಾಬಿ ಬಣ್ಣದ ಲೇಡೀಸ್ ಸೈಕಲ್ಲು, ಹಿಂದೆ ತಂತಿಯಿಂದ ಬಿಗಿದ ಕಾರಿನ ನಂಬರ್ ಪ್ಲೇಟು. ಕಾರಿಗೆ ಕಟ್ಟಿದಾಗ ಹಾಕಿ, ಬಿಚ್ಚಿದಾಗ ತೆಗೆಯಲು ಮರೆತಿದ್ದಾರೆ ಎಂದುಕೊಂಡೆ. ಯಾಕೆ ತೆಗೆದಿಲ್ಲ ಎಂದು ಹುಡುಗಿಯನ್ನು ಕೇಳಿದೆ. "ಅಪ್ಪ ತೆಗೀಬೇಡ ಅಂದವ್ರೆ" ಅಂದಳು. ಅಪ್ಪ ಮರುಳಸಿದ್ದಯ್ಯ, ಪೇಟೆಯಲ್ಲಿ ಕರ್ಪೂರ, ಊದುಬತ್ತಿ, ವಿಭೂತಿಗಟ್ಟಿ ಮಾರುವ ಅಂಗಡಿಯವರು. ಮಠದಲ್ಲಿ ದಾಸೋಹಕ್ಕೆ ಓಡಾಡುವ ಮನುಷ್ಯ, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ ಎಂದು ಹನುಮಂತರಾಯ ಹೇಳಿದ. ಹುಡುಗಿಯ ಜೊತೆ ಮನೆಗೆ ಹೋದೆವು.

ಅಂಗಳದಲ್ಲಿ ಬಿಳಿ ಮಾರುತಿ ನಿಂತಿತ್ತು. ಮುಂದೆ ಎರಡು ನಂಬರ್ ಪ್ಲೇಟು, ಹಿಂದೆ ಎರಡು. ಬಾಗಿಲುಗಳ ಮೇಲೂ ನಂಬರು ಬರೆಸಿತ್ತು. ಕಾರಿನ ನೆತ್ತಿಯ ಮೇಲೆ ಒಂದು ತಗಡು ನಿಲ್ಲಿಸಿ ಅದರ ಮೇಲೂ ಬರೆಸಿತ್ತು. ಗೋಡೆಗೆ ಒರಗಿಸಿದ್ದ, ಸಿದ್ಧಲಿಂಗೇಶ್ವರನ ಹೆಸರಿದ್ದ ಕರಿ ಸೈಕಲ್ಲಿಗೂ ಅದೇ ನಂಬರಿನ ಪ್ಲೇಟು. ಇಷ್ಟು ಕಾನೂನು ಪಾಲಿಸುವ ಮನುಷ್ಯನನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ನಮ್ಮ ಜನ ಕೇಳಿದಾಗ ಕಟ್ಟುತ್ತಾರೆ, ನಾವು ತಿರುಗಿದ ಕೂಡಲೇ ಬಿಚ್ಚುತ್ತಾರೆ. ಇಲ್ಲೇನೋ ಎಡವಟ್ಟಿದೆ ಎಂದು ಆಗ ಅನ್ನಿಸಿತು.

ಮರುಳಸಿದ್ದಯ್ಯನವರು ಹಣೆ ತುಂಬ ವಿಭೂತಿ ಧರಿಸಿ ಹೊರಗೆ ಬಂದರು. ನಾನು ಕೇಳಿದ್ದು ಇಷ್ಟೇ.

"ಸ್ವಾಮಿ, ಒಂದ್ ಕಾರಿಗೆ ಇಷ್ಟ್ಯಾಕೆ ನಂಬರು?"

"ಕಾಣ್ಲಿ ಅಂತ."

"ಯಾರಿಗೆ?"

ಅವರು ಜಗಲಿಯ ಕಂಬ ಹಿಡಿದುಕೊಂಡರು. "ಆವತ್ತು ಕಾಣ್ಲಿಲ್ವಲ್ಲ... ಅದಕ್ಕೆ."

ಅವರೇ ಹೇಳಿದರು. ಗುಬ್ಬಿಯಿಂದ ಕುಣಿಗಲ್‌ಗೆ ಮನೆ ಬದಲಾಯಿಸಿದ್ದರು. ತುಮಕೂರಿನಲ್ಲಿ ಒಂದು ಕೆಲಸ ಮುಗಿಸಿಕೊಂಡು ಹೋಗೋಣವೆಂದು, ಉಳಿದಿದ್ದ ಸೈಕಲ್ಲುಗಳನ್ನು ಹಿಂದೆ ಕಟ್ಟಿಕೊಂಡು ಬಂದಿದ್ದರು. ಗುದ್ದಿದ್ದು ಗೊತ್ತಾಗಿ ನಿಲ್ಲಿಸಿದರು. ಕನ್ನಡಿ ನೋಡಿದರೆ ಸೈಕಲ್ಲಿನ ಚಕ್ರ, ಚಕ್ರದ ಸಂದಿಯಲ್ಲಿ ಓಡಿ ಬರುತ್ತಿದ್ದ ಕಾಲುಗಳು. "ಸೊಪ್ಪು ಬಿದ್ದಿದ್ದು ಕಾಣ್ತು ಸಾಬ್ರೆ. ಅವಮ್ಮ ಕಾಣ್ಲಿಲ್ಲ. ಸತ್ತೋದ್ರೋ ಬದುಕಿದ್ರೋ ಅಂತ ಇವತ್ತಿನ್‌ಗಂಟ ಗೊತ್ತಿಲ್ಲ." ಆಮೇಲೆ ಕರ್ಪೂರ ಕೊಳ್ಳಲು ತುಮಕೂರಿಗೆ ಬಂದಾಗ ಆಟೋದ ಮೈಕು ಕೇಳಿತಂತೆ. ಊರಿಗೆಲ್ಲ ಸಾರುತ್ತಿದ್ದದ್ದು ಇವರಿಗೆ ತಮ್ಮೊಬ್ಬರನ್ನೇ ಕೂಗಿದಂತೆ ಆಯಿತು. ಠಾಣೆಗೆ ಹೋಗಲು ಧೈರ್ಯ ಸಾಲಲಿಲ್ಲ, ಸುಮ್ಮನಿರಲೂ ಆಗಲಿಲ್ಲ. ಮನೆಗೆ ಬಂದವರೇ ನಂಬರು ಬರೆಸಲು ಶುರುಮಾಡಿದರು. ಯಾರಾದರೂ ನೋಡಿ ಕೇಳಲಿ ಎಂದು ಊರ ತುಂಬ ಓಡಾಡಿದರು. ಭಕ್ತಿ ಜಾಸ್ತಿಯಾಗಿ ತಲೆ ಕೆಟ್ಟಿದೆ ಎಂದು ಜನ ಸುಮ್ಮನಾದರು.

"ಬದುಕವ್ಳೆ ಸ್ವಾಮಿ" ಅಂದೆ. ಅವರು ಅಲ್ಲೇ ಕುಸಿದು ಕೂತು ಅತ್ತರು. ಮಗಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಹನುಮಂತರಾಯ ಸ್ವಲ್ಪ ಹೊತ್ತು ಕಾದು ನನ್ನ ಕಿವಿಯಲ್ಲಿ, "ಸಾ, ಹಂಗಾರೆ ಸೈಲೆನ್ಸರ್ ಕೇಸ್ ಏನ್ ಮಾಡ್ಲಿ?" ಅಂತ ಕೇಳಿದ. ಹರಿದು ಹಾಕು ಅಂದೆ.

ಆಮೇಲೆ ಕೇಸು ಕೋರ್ಟಿಗೆ ಹೋಯಿತು, ಅವರು ತಪ್ಪೊಪ್ಪಿಕೊಂಡರು, ವಿಮೆಯವರು ಕೊಡಬೇಕಾದ್ದನ್ನು ಕೊಟ್ಟರು. ಅದು ಕಾಗದದ ಕೆಲಸ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಇಬ್ಬರನ್ನೂ ಠಾಣೆಗೆ ಕರೆಸಿದ ದಿನ.

ಕರಿ ಸೈಕಲ್ಲನ್ನೂ ತಂದಿದ್ದೆವು. ಅದರ ಚೈನ್ ಕವರು ಸಡಿಲವಾಗಿ ಕೆಳಗೆ ಜೋತು, ಬಾಯಿ ಅಗಲಿಸಿದ ಹಾಗಿತ್ತು. "ಇದೇಯ, ನೋಡಿ ಸ್ವಾಮಿ" ಎಂದು ಪುಟ್ಟಗಂಗಮ್ಮ ಕೋಲಿನಿಂದ ತೋರಿಸಿದಳು. ರುದ್ರಾರಾಧ್ಯರು ತಾವು ಮೊದಲೇ ಬರೆಸಿದ್ದು ಸರಿಯಾಯಿತೆಂದು ಎದೆಯುಬ್ಬಿಸಿದರು. ನಂತರ ಮರುಳಸಿದ್ದಯ್ಯನವರನ್ನು ಅವಳ ಮುಂದೆ ನಿಲ್ಲಿಸಿದರು. ಅವರು ಕೈ ಮುಗಿದು, ಕಾರಿನ ಬ್ರೇಕು, ಸೈಕಲ್ಲಿನ ಹಗ್ಗ, ಕಾಣದ ಕನ್ನಡಿ ಅಂತ ಏನೇನೋ ಹೇಳುತ್ತ ಹೋದರು. ಅವಳು ಪೂರ್ತಿ ಕೇಳಿಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದಳು.

"ನಿಂತಿದ್ಯಲ್ಲಪ್ಪ. ಯಾಕ್ ಇಳೀಲಿಲ್ಲ?"

"ಹೆದ್ರಿಕೆ ಆಯ್ತಮ್ಮ. ಜನ ಹೊಡೀತಾರೆ ಅಂತ ಓಡೋದೆ."

"ನಾನೂ ಹೆದ್ರಿದ್ದೆ ಕಣಪ್ಪ. ನಂಗೆ ಓಡಕ್ಕಾಗ್ಲಿಲ್ಲ, ಅಷ್ಟೇಯ."

ರೈಟರ್ ಬರೆಯುವುದನ್ನು ನಿಲ್ಲಿಸಿದ. ಬರೆದುಕೋ ಎಂದು ಸಾಹೇಬರೂ ಹೇಳಲಿಲ್ಲ. ಮರುಳಸಿದ್ದಯ್ಯನವರು ಮುಗಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಹಾಗೆಯೇ ಹಿಡಿದುಕೊಂಡು ನಿಂತಿದ್ದರು.